ಸೆಲೆ ಎಂಬ ಹೊಳೆಯ ಬದಿಯಲ್ಲಿ

ಫ್ರಾನ್ಸ್ ದೇಶದ ಮಿಶೆಲಿನ್ ನಕಾಶೆಯನ್ನು ಮೇಜಿನ ಮೇಲೆ ಹರಡಿದರೆ ಮೊದಲು ಕಣ್ಣಿಗೆ ಬೀಳುವುದು ಪ್ರಧಾನ ರಸ್ತೆಗಳ ಕೆಂಪು ಗೆರೆಗಳು. ಸೈಕಲ್ ಸವಾರನಿಗೆ ಅವುಗಳಿಂದ ಪ್ರಯೋಜನವಿಲ್ಲ. ಅವನು ಹುಡುಕಬೇಕಾದುದು ಹಳದಿ ಮತ್ತು ಬಿಳಿಯ ಸಣ್ಣ ಗೆರೆಗಳನ್ನು. ಅವುಗಳ ಪಕ್ಕದಲ್ಲಿ ಹಸುರು ಅಂಚು ಎಳೆದಿದ್ದರೆ ಆ ದಾರಿ ರಮಣೀಯವಾದುದೆಂದು ಅರ್ಥ. ಜಿಲ್ಲಾಡಳಿತಗಳು ನೋಡಿಕೊಳ್ಳುವ ಈ ಕಿರುರಸ್ತೆಗಳ ಹೆಸರಿಗೆ ಮುಂಚೆ 'ಡಿ' ಎಂಬ ಅಕ್ಷರವೂ ಹಿಂದೆ ಒಂದು ಅಂಕಿಯೂ ಇರುತ್ತದೆ. ಹಳ್ಳಿಯಿಂದ ಹಳ್ಳಿಗೆ ಬಲೆಯಂತೆ ಹಬ್ಬಿರುವ ಇವುಗಳಲ್ಲಿ ಎಷ್ಟೋ ಕಡೆ ಗಂಟೆಗೆ ಬೆರಳೆಣಿಕೆಯ ವಾಹನಗಳು ಮಾತ್ರ ಬರುವುದುಂಟು. ಊರ ಹೊರಗೆ ಸೈಕಲನ್ನು ದಾಟಿಹೋಗುವ ವಾಹನವು ಒಂದೂವರೆ ಮೀಟರ್ ಅಂತರ ಬಿಡಬೇಕೆಂಬುದು ಅಲ್ಲಿನ ಕಾನೂನು.

ಇಂತಹ ದಾರಿಗಳಲ್ಲಿ ಒಂದನ್ನೇ ಆರಿಸೆಂದರೆ ನಾನು 'ಡಿ 41' ಎಂಬುದನ್ನು ಆರಿಸುವೆನು. ನೈಋತ್ಯ ಫ್ರಾನ್ಸಿನ ಲೊಟ್ ಜಿಲ್ಲೆಯಲ್ಲಿ, ಹಳೆಯ ಕಾಲದವರು ಕೆರ್ಸಿ ಎಂದು ಕರೆಯುತ್ತಿದ್ದ ಸೀಮೆಯಲ್ಲಿ, ಅದು ಒಂದು ಸಣ್ಣ ಹೊಳೆಯ ಮಗ್ಗುಲಲ್ಲೇ ಸಾಗುತ್ತದೆ. ಹೊಳೆಯ ಹೆಸರು ಸೆಲೆ. ನಮ್ಮ ಕಿವಿಗೆ ಇದು ಅಚ್ಚಗನ್ನಡದ ಪದವೆಂದೇ ಕೇಳಿಸುತ್ತದೆ. ಆದರೆ ವೇಗವುಳ್ಳದ್ದು ಎಂಬರ್ಥದ ಲ್ಯಾಟಿನ್ ಪದದಿಂದ ಈ ಹೆಸರು ಬಂದಿತೆಂದು ಅಲ್ಲಿಯವರು ಹೇಳುತ್ತಾರೆ. ಫಿಜಾಕ್ ಪಟ್ಟಣದಿಂದ ಕಾಓರ್ ನಗರದವರೆಗೆ ಈ ಹೊಳೆಯನ್ನೂ ಮುಂದೆ ಲೊಟ್ ನದಿಯನ್ನೂ ಹಿಡಿದು ಹೋದರೆ ಒಟ್ಟು ಸುಮಾರು 75 ಕಿಲೋಮೀಟರ್. ಗಟ್ಟಿಗರು ಒಂದೇ ದಿನದಲ್ಲಿ ಮುಗಿಸುವರು. ಮಕ್ಕಳೊಡನೆ ಹೋಗುವವರು ಮೂರು ದಿನ ತೆಗೆದುಕೊಳ್ಳುವುದು ಲೇಸು.

ಫಿಜಾಕಿನಲ್ಲೇ ಅರ್ಧ ದಿನ ನಿಲ್ಲಬೇಕು. ಈಜಿಪ್ಟಿನ ಚಿತ್ರಲಿಪಿಯನ್ನು ಬಿಡಿಸಿ ಓದಿದ ಶಾಂಪೋಲಿಯೋಂ 1790ರ ಡಿಸೆಂಬರಿನಲ್ಲಿ ಇಲ್ಲಿಯ ಪುಸ್ತಕ ವ್ಯಾಪಾರಿಯೊಬ್ಬನ ಮಗನಾಗಿ ಹುಟ್ಟಿದನು. ಅವನು ಹುಟ್ಟಿದ ಮನೆ ಈಗ ಜಗತ್ತಿನ ಲಿಪಿಗಳ ವಸ್ತುಸಂಗ್ರಹಾಲಯವಾಗಿದೆ. ಅದರ ಪಕ್ಕದ ಅಂಗಳದ ನೆಲಕ್ಕೆ, ರೊಸೆಟ್ಟಾ ಶಿಲಾಲೇಖವನ್ನು ಹಲವು ಪಟ್ಟು ಹಿಗ್ಗಿಸಿ ಕೆತ್ತಿದ ಕರಿಯ ಗ್ರಾನೈಟ್ ಚಪ್ಪಡಿಯನ್ನು ಹಾಸಿದ್ದಾರೆ. ಮೂರು ಲಿಪಿಗಳ ಮೇಲೆ ಮಕ್ಕಳು ಕುಣಿದಾಡುತ್ತಾರೆ. ಶಾಂಪೋಲಿಯೋಂ 1822ರಲ್ಲಿ ಆ ಲಿಪಿಯ ಬೀಗ ತೆರೆದದ್ದು ಬರಿಯ ಜಾಣತನದಿಂದಲ್ಲ. ಪ್ರಾಚೀನ ಈಜಿಪ್ಟಿನ ನುಡಿಯ ಕೊನೆಯ ಕುಡಿಯಾದ ಕೋಪ್ಟಿಕ್ ಭಾಷೆಯನ್ನು ಅವನು ಬಾಲ್ಯದಿಂದಲೇ ಪಟ್ಟುಹಿಡಿದು ಕಲಿತಿದ್ದನು. ಆ ವೇಳೆಗೆ ಕೋಪ್ಟಿಕ್ ಮನೆಮಾತಾಗಿ ಉಳಿದಿರಲಿಲ್ಲ. ಕ್ರೈಸ್ತ ದೇಗುಲಗಳ ಪ್ರಾರ್ಥನೆಯಲ್ಲಿ ಮಾತ್ರ ಜೀವ ಹಿಡಿದಿತ್ತು. ಅಷ್ಟು ಉಳಿದಿದ್ದುದರಿಂದಲೇ ಮೂರು ಸಾವಿರ ವರ್ಷಗಳ ಬರಹ ಮತ್ತೆ ಮಾತಾಡಿತು.

ಅವನು ಹುಟ್ಟಿದ ವರ್ಷವೇ ಇನ್ನೊಂದು ಸಂಗತಿಯೂ ನಡೆಯಿತು. ಕ್ರಾಂತಿಕಾಲದ ಪ್ರಮುಖರಲ್ಲೊಬ್ಬನಾದ ಪಾದ್ರಿ ಗ್ರೆಗ್ವಾರ್ ದೇಶದ ನಾನಾ ಕಡೆಗಳಿಗೆ ಪ್ರಶ್ನಾವಳಿಯೊಂದನ್ನು ಕಳುಹಿಸಿ, ಹಳ್ಳಿಗರು ಯಾವ ನುಡಿಯಾಡುತ್ತಾರೆಂದು ವಿಚಾರಿಸಿದನು. 1794ರಲ್ಲಿ ಅವನು ಸಲ್ಲಿಸಿದ ವರದಿಯ ಪ್ರಕಾರ ಕನಿಷ್ಠ 60 ಲಕ್ಷ ಮಂದಿ ಫ್ರೆಂಚರಿಗೆ ಫ್ರೆಂಚ್ ಭಾಷೆಯೇ ತಿಳಿದಿರಲಿಲ್ಲ. ಪ್ರಾಂತೀಯ ನುಡಿಗಳನ್ನು ಇಲ್ಲವಾಗಿಸುವುದೇ ಇದಕ್ಕೆ ಪರಿಹಾರವೆಂದು ಆ ವರದಿಯ ತಲೆಬರಹವೇ ಸಾರುತ್ತಿತ್ತು. ಫಿಜಾಕಿನ ಬೀದಿಗಳಲ್ಲಿ ಅಂದು ಕೇಳಿಬರುತ್ತಿದ್ದುದು ಆಕ್ಸಿಟಾನ್ ಭಾಷೆ.

ಪಟ್ಟಣ ಬಿಟ್ಟು ಕೆಲವು ಕಿಲೋಮೀಟರ್ ದೊಡ್ಡ ರಸ್ತೆಯಲ್ಲಿ ಸಾಗಿದ ಮೇಲೆ ಎಡಕ್ಕೆ ಡಿ 41 ಕವಲೊಡೆಯುತ್ತದೆ. ಅಲ್ಲಿಂದ ಮುಂದೆ ಸದ್ದಡಗುತ್ತದೆ. ಎರಡೂ ಬದಿಗೆ ಸುಣ್ಣಕಲ್ಲಿನ ಕಡಿದಾದ ಬಂಡೆಗಳು. ಅಡಿಯಲ್ಲಿ ಮೆಕ್ಕೆಜೋಳದ ಗದ್ದೆ, ಅಕ್ರೋಟು ಮರಗಳ ಸಾಲು, ನಡುವೆ ತಿಳಿನೀರು. ರಸ್ತೆಯ ಏರಿಳಿತ ಅಲ್ಪ. ಬಂಡೆಗಳ ಮೇಲಣ ಪ್ರಸ್ಥಭೂಮಿಗೆ ಏರುವ ಅಡ್ಡದಾರಿಗಳು ಮಾತ್ರ ತೊಡೆಗಳನ್ನು ಪರೀಕ್ಷಿಸುತ್ತವೆ. ಮೇಲೆ ಒಣಹುಲ್ಲು, ಕುಳ್ಳು ಓಕ್ ಮರಗಳು, ಗಾರೆಯಿಲ್ಲದೆ ಕಲ್ಲು ಪೇರಿಸಿ ಕಟ್ಟಿದ ಕುರುಬರ ಗುಡಿಸಲುಗಳು. ಅಲ್ಲಿಯ ಕುರಿಗಳ ಕಣ್ಣುಗಳ ಸುತ್ತ ಕಪ್ಪು ಬಣ್ಣವಿದ್ದು, ಕನ್ನಡಕ ಧರಿಸಿದ ಮಾಸ್ತರರಂತೆ ಅವು ನಮ್ಮನ್ನು ದಿಟ್ಟಿಸುತ್ತವೆ.

ಹಳ್ಳಿಗಳ ಹೆಸರುಗಳನ್ನು ಓದುತ್ತ ಹೋಗುವುದೇ ಒಂದು ಪಾಠ. ಎಸ್ಪಾನ್ಯಾಕ್, ಬ್ರೆಂಗ್, ಮಾರ್ಸಿಯಾಕ್. ಈ ಕೊನೆಯದನ್ನು ಫಲಕದಲ್ಲಿ ಬರೆಯುವಾಗ 'ಲ'ಕಾರಕ್ಕೆ 'ಹ'ಕಾರ ಕೂಡಿಸುತ್ತಾರೆ. ಇದು ಫ್ರೆಂಚಿನ ಕ್ರಮವಲ್ಲ, ಆಕ್ಸಿಟಾನಿನ ಕ್ರಮ. ಗುಡ್ಡಕ್ಕೆ 'ಪೆಶ್', ಸುಣ್ಣಕಲ್ಲಿನ ಬಯಲಿಗೆ 'ಕೋಸ್' ಎನ್ನುವುದೂ ಅದರ ಬಳುವಳಿಯೇ. ಆಡುವವರು ವಿರಳವಾದ ಮೇಲೂ ನುಡಿಯು ಊರುಗಳ ಹೆಸರಿನಲ್ಲಿ ಕುಳಿತಿರುವುದು ಗಡಿಯಾಚೆಯ ಕನ್ನಡಿಗರಾದ ನಮಗೆ ಹೊಸ ನೋಟವೇನಲ್ಲ.

ಹಲವು ಊರುಗಳಲ್ಲಿ ಪಂಚಾಯತಿ ಕಚೇರಿ ಮತ್ತು ಶಾಲೆ ಒಂದೇ ಕಟ್ಟಡದಲ್ಲಿರುವುದನ್ನು ಕಾಣಬಹುದು. 1881-82ರ ಕಾನೂನುಗಳು ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿಸಿದ ಮೇಲೆ ಇಂತಹವು ದೇಶದುದ್ದಕ್ಕೂ ಎದ್ದವು. ಬಡವರ ಮಕ್ಕಳಿಗೆ ಅಕ್ಷರ ದೊರೆತದ್ದು ಇಲ್ಲಿಯೇ. ಆ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಮನೆಮಾತನ್ನಾಡಿದ ಮಗುವಿನ ಕೈಗೆ ಮರದ ತುಂಡನ್ನೋ ಹಳೆಯ ಪಾದರಕ್ಷೆಯನ್ನೋ ಕೊಡುವ ಪದ್ಧತಿಯೂ ಅನೇಕ ಶಾಲೆಗಳಲ್ಲಿತ್ತು. ಆ ಮಗು ತನ್ನಂತೆಯೇ ತಪ್ಪಿ ಮಾತಾಡಿದ ಇನ್ನೊಬ್ಬ ಸಹಪಾಠಿಯನ್ನು ಹಿಡಿದು ಅದನ್ನು ದಾಟಿಸಬೇಕು. ಸಂಜೆ ಗಂಟೆ ಬಾರಿಸುವಾಗ ಅದು ಯಾರ ಬಳಿ ಇದೆಯೋ ಅವರಿಗೆ ಶಿಕ್ಷೆ. ಸ್ನೇಹಿತನನ್ನು ಒಪ್ಪಿಸಿಕೊಡಲು ಕಲಿಸಿದ ಈ ಉಪಾಯವನ್ನು ನಾನು ಛಡಿಯೇಟಿಗಿಂತಲೂ ಕ್ರೂರವೆನ್ನುವೆನು. ಹಾಗೆ ಬೆಳೆದವರು ತಮ್ಮ ಮಕ್ಕಳೊಡನೆ ಫ್ರೆಂಚನ್ನೇ ಆಡಿದರು. 1979-80ರ ಸುಮಾರಿಗೆ ಪೋ ನಗರದಲ್ಲಿ ಪೋಷಕರು ಸೇರಿ 'ಕಲಂದ್ರೆತಾ' ಎಂಬ ಆಕ್ಸಿಟಾನ್ ಮಾಧ್ಯಮದ ಶಾಲೆಯನ್ನು ತೆರೆದರು; ಅನಂತರ ದಕ್ಷಿಣ ಫ್ರಾನ್ಸಿನ ಹಲವು ಪಟ್ಟಣಗಳಿಗೆ ಅವು ಹಬ್ಬಿದವು. ಪ್ರಾಂತೀಯ ಭಾಷೆಗಳು ದೇಶದ ಪರಂಪರೆಯ ಭಾಗವೆಂದು 2008ರಲ್ಲಿ ಸಂವಿಧಾನಕ್ಕೆ ಒಂದು ವಾಕ್ಯ ಸೇರಿತು. ಆದರೂ 2021ರಲ್ಲಿ, ಇಡೀ ಬೋಧನೆಯನ್ನು ಅಂತಹ ಭಾಷೆಯಲ್ಲಿ ನಡೆಸುವುದು ಸಂವಿಧಾನಕ್ಕೆ ಒಪ್ಪುವುದಿಲ್ಲವೆಂದು ಸಂವಿಧಾನ ಮಂಡಳಿ ತೀರ್ಪಿತ್ತಿತು.

ಹೊಟ್ಟೆಪಾಡಿನ ಬಗೆಗೆ ಎರಡು ಮಾತು. ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಹಳ್ಳಿಯ ಅಂಗಡಿಗಳು ಮುಚ್ಚಿರುತ್ತವೆ. ಅನೇಕ ಊರುಗಳಲ್ಲಿ ಅಂಗಡಿಯೇ ಇಲ್ಲ. ಬೆಳಿಗ್ಗೆಯೇ ರೊಟ್ಟಿ, ಗಿಣ್ಣು, ಹಣ್ಣು ಕಟ್ಟಿಕೊಂಡು ಹೊರಡಬೇಕು. ನೀರು ಬೇಕಾದವರು ಊರ ಸ್ಮಶಾನವನ್ನು ಹುಡುಕುತ್ತಾರೆ. ಗೋರಿಗಳ ಹೂಗಿಡಗಳಿಗೆಂದು ಅಲ್ಲಿ ನಲ್ಲಿ ಇರುತ್ತದೆ. 'ಕುಡಿಯಲು ಯೋಗ್ಯವಲ್ಲ' ಎಂಬ ಫಲಕವಿಲ್ಲದಿದ್ದರೆ ಸವಾರರು ಬಾಟಲಿ ತುಂಬಿಸಿಕೊಳ್ಳುವುದು ಅಲ್ಲಿ ರೂಢಿ.

ಕಾಬ್ರೆರೆ ಗ್ರಾಮದ ಮೇಲಣ ಗುಡ್ಡದಲ್ಲಿ ಪೆಶ್ ಮೆರ್ಲ್ ಗುಹೆ ಇದೆ. ಏರು ಕಡಿದಾಗಿದೆ, ಸೈಕಲನ್ನು ತಳ್ಳಿಕೊಂಡು ಹೋದರೂ ಮರ್ಯಾದೆಗೇನೂ ಕುಂದಿಲ್ಲ. 1922ರಲ್ಲಿ ಇಬ್ಬರು ಹದಿಹರೆಯದ ಹುಡುಗರು ಇಕ್ಕಟ್ಟಾದ ಬಿಲಗಳಲ್ಲಿ ತೆವಳಿ ಇದರ ಚಿತ್ರಗಳನ್ನು ಮೊದಲು ಕಂಡರು. ಊರಿನ ಪಾದ್ರಿ ಲೆಮೋಜಿ ಪ್ರಾಚೀನ ಗುಹೆಗಳ ಹುಚ್ಚು ಹಿಡಿಸಿಕೊಂಡವನು. ಅವನ ಉತ್ತೇಜನವೂ ಅವರಿಗಿತ್ತು. ಒಳಗೆ ಮೈಯೆಲ್ಲ ಚುಕ್ಕೆಗಳಿರುವ ಎರಡು ಕುದುರೆಗಳು ಬೆನ್ನಿಗೆ ಬೆನ್ನು ತಾಗಿಸಿ ನಿಂತಿವೆ. ಸುಮಾರು 29,000 ವರ್ಷಗಳ ಹಿಂದಿನವು. ಬಂಡೆಯ ಅಂಚೇ ಒಂದು ಕುದುರೆಯ ತಲೆಯ ಆಕಾರದಲ್ಲಿದ್ದುದನ್ನು ಕಂಡು ಚಿತ್ರಕಾರನು ಅದಕ್ಕೆ ಒಡಲನ್ನು ಕೂಡಿಸಿದಂತಿದೆ. ಸುತ್ತ ಅಂಗೈಯನ್ನು ಗೋಡೆಗೊತ್ತಿ ಬಣ್ಣವೂದಿದ ಗುರುತುಗಳು. ಪ್ರಸಿದ್ಧವಾದ ಲಾಸ್ಕೋ ಗುಹೆ 1963ರಲ್ಲೇ ಸಾರ್ವಜನಿಕರಿಗೆ ಮುಚ್ಚಿಹೋಯಿತು. ಇಲ್ಲಿ ಮಾತ್ರ ಮಿತಸಂಖ್ಯೆಯಲ್ಲಿ ಇಂದಿಗೂ ಮೂಲಚಿತ್ರವನ್ನೇ ನೋಡಲು ಬಿಡುತ್ತಾರೆ. ಆದರೆ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಚಿತ್ರವಲ್ಲ. ನೆಲದ ಜೇಡಿಯಲ್ಲಿ ಗಟ್ಟಿಯಾಗಿ ಉಳಿದ ಹೆಜ್ಜೆಗುರುತು, ಎಳೆವಯಸ್ಸಿನವರದೆಂದು ಬಲ್ಲವರು ಹೇಳುವಂತಹ ಕಾಲಿನದು. ಆ ಹುಡುಗನೋ ಹುಡುಗಿಯೋ ಯಾವ ನುಡಿಯಲ್ಲಿ ಒಳಗಿನ ಕತ್ತಲನ್ನು ಕುರಿತು ಮಾತಾಡಿತೋ!

ಮುಂದೆ ಕೊಂದ್ಯುಶೆ ಎಂಬಲ್ಲಿ ಸೆಲೆ ಲೊಟ್ ನದಿಯನ್ನು ಕೂಡುತ್ತದೆ. ನದಿಯ ಮೇಲೆ ಬಂಡೆಯ ತುದಿಗೆ ಕಚ್ಚಿಕೊಂಡಿರುವ ಸೇಂ-ಸೀರ್-ಲಾಪೊಪಿ ಬಹಳ ಸುಂದರ, ಬಹಳ ಜನಜಂಗುಳಿ. ಬೇಸಗೆಯಲ್ಲಿ ಬೆಳಿಗ್ಗೆ ಎಂಟಕ್ಕೆ ಮುಂಚೆ ನೋಡಿ ಇಳಿಯುವುದು ಉತ್ತಮ. ವೇರ್ ಗ್ರಾಮ ದಾಟಿದ ಮೇಲೆ ವಾಹನಗಳು ಹೆಚ್ಚುತ್ತವೆ, ಮಕ್ಕಳನ್ನು ಸಾಲಾಗಿ ಒಬ್ಬರ ಹಿಂದೊಬ್ಬರಂತೆ ಕರೆದೊಯ್ಯಬೇಕು. ಹನ್ನೆರಡು ವರ್ಷದ ಕೆಳಗಿನವರಿಗೆ ಶಿರಸ್ತ್ರಾಣ ಕಡ್ಡಾಯ.

ಕಾಓರಿನಲ್ಲಿ ನದಿಯನ್ನು ದಾಟುವ ವಾಲಾಂತ್ರೆ ಸೇತುವೆಯನ್ನು 1308ರಲ್ಲಿ ಆರಂಭಿಸಿ ಮುಗಿಸುವಷ್ಟರಲ್ಲಿ ಎಪ್ಪತ್ತು ವರ್ಷ ಕಳೆಯಿತು. ತಡವಾಯಿತೆಂದು ಶಿಲ್ಪಿಯು ಸೈತಾನನ ನೆರವು ಬೇಡಿ, ತನ್ನ ಆತ್ಮವನ್ನೇ ಪಣವಿಟ್ಟು, ಕೊನೆಗೆ ಜರಡಿಯಲ್ಲಿ ನೀರು ತರುವಂತೆ ಹೇಳಿ ಅವನನ್ನು ಸೋಲಿಸಿದನಂತೆ. ಸಿಟ್ಟಿಗೆದ್ದ ಸೈತಾನನು ನಡುಗೋಪುರದ ಒಂದು ಕಲ್ಲನ್ನು ರಾತ್ರಿರಾತ್ರಿ ಕಿತ್ತುಹಾಕುತ್ತಿದ್ದನೆಂದು ಕತೆ. 1879ರ ಜೀರ್ಣೋದ್ಧಾರದಲ್ಲಿ ವಾಸ್ತುಶಿಲ್ಪಿ ಪೋಲ್ ಗೂ ಅದೇ ಜಾಗದಲ್ಲಿ, ಕಲ್ಲನ್ನು ಕೀಳಲು ಹೆಣಗುವ ಪುಟ್ಟ ಸೈತಾನನನ್ನು ಕೆತ್ತಿಸಿ ಕೂರಿಸಿದನು. ಕುತ್ತಿಗೆ ಎತ್ತಿ ಹುಡುಕಿದರೆ ಕಾಣುತ್ತಾನೆ. ರೈಲು ನಿಲ್ದಾಣ ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿದೆ. ಸ್ಥಳೀಯ ರೈಲಿನಲ್ಲಿ ಸೈಕಲನ್ನೂ ಹತ್ತಿಸಿಕೊಂಡು ತೆಂಕಣಕ್ಕೆ ತುಲೂಸಿಗೆ ಹೋಗಬಹುದು.