ನಿಡುಗಲ್ಲಿನ ಪಡುವಣ ದಾರಿ

ಪಾವಗಡ ತಾಲ್ಲೂಕಿನ ನಿಡುಗಲ್ಲು ಬೆಟ್ಟಕ್ಕೆ ಶಾಸನಗಳಲ್ಲಿ ಕಾಳಾಂಜನವೆಂಬ ಹೆಸರೂ ಉಂಟು. ಚೋಳ ಮನೆತನದ ಇರುಂಗೋಳನ ಆಳ್ವಿಕೆಯಲ್ಲಿ, 1232ರಲ್ಲಿ, ಗಂಗೇಯನ ಮಾರೆಯನು ಇಲ್ಲಿ ಪಾರ್ಶ್ವಜಿನನಿಗೆ ಬಸದಿಯನ್ನು ಕಟ್ಟಿಸಿದನು. ಜೋಗವಟ್ಟಿಗೆಯ ಬಸದಿ ಎಂದು ಅದು ಪ್ರಸಿದ್ಧ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೆಯ ಸಂಪುಟ 1904ರಲ್ಲಿ ಹೊರಬಂದಂದಿನಿಂದ ಜೈನ ಇತಿಹಾಸವನ್ನು ಬರೆದವರು ಈ ಶಾಸನವನ್ನು ಉಲ್ಲೇಖಿಸುತ್ತಲೇ ಬಂದಿದ್ದಾರೆ. ಬೆಟ್ಟ ಹತ್ತಿ ಉಲ್ಲೇಖಿಸಿದವರು ಎಷ್ಟು ಮಂದಿಯೋ, ಅದು ಬೇರೆ ಮಾತು.

ಶರತ್ಕಾಲದ ಒಂದು ಬೆಳಗ್ಗೆ ಮಧುಗಿರಿಯ ನಿವೃತ್ತ ಅಧ್ಯಾಪಕರೊಬ್ಬರು ತಮ್ಮ ಸಂಶೋಧನ ವಿದ್ಯಾರ್ಥಿನಿಯೊಡನೆ ಈ ಬೆಟ್ಟಕ್ಕೆ ಬಂದರು. ಊರ ಕಡೆಯಿಂದ ಏರುವ ಬಳಕೆಯ ದಾರಿಯನ್ನು ಅವರು ಬೇಕೆಂದೇ ಬಿಟ್ಟರು. ಅಮರಾಪುರದ ಬ್ರಹ್ಮಜಿನಾಲಯವೂ ನೊಳಂಬರ ಹೆಂಜೇರು, ಅಂದರೆ ಇಂದಿನ ಹೇಮಾವತಿಯೂ ಬೆಟ್ಟದ ಪಡುವಣಕ್ಕಿವೆ. ಅಲ್ಲಿಯ ಶ್ರಾವಕರು ನೇರವಾಗಿ ಪಡುವಣ ಮಗ್ಗುಲಿನಿಂದಲೇ ಕಾಳಾಂಜನವನ್ನು ಏರುತ್ತಿದ್ದರೆಂದು ಆಕೆ ತನ್ನ ಪ್ರಬಂಧದ ನಾಲ್ಕನೆಯ ಅಧ್ಯಾಯದಲ್ಲಿ ಬರೆದಾಗಿತ್ತು. ಅಧ್ಯಾಯ ಟೈಪಾಗಿಯೂ ಇತ್ತು. ದಾರಿಯನ್ನು ಮಾತ್ರ ಇನ್ನೂ ನೋಡಿರಲಿಲ್ಲ.

ದಾರಿ ತೋರಲು ಒಬ್ಬ ಮುದುಕ ಕುರಿಗಾಹಿ ಜೊತೆಯಾದನು. ಈ ಗಡಿನಾಡಿನ ಅನೇಕರಂತೆ ಅವನದು ಕನ್ನಡದ ಮಾತು, ತೆಲುಗಿನ ಎಣಿಕೆ. ಮಳೆ ಹಿಂದೆಗೆದ ಬೆಟ್ಟದಲ್ಲಿ ಹುಲ್ಲು ಎದೆಮಟ್ಟ ಬೆಳೆದಿತ್ತು, ತಂಗಡಿ ಹೂ ಬಿಟ್ಟಿತ್ತು, ಬಂಡೆಗಳ ಸಂದಿನಲ್ಲಿ ಸೀತಾಫಲ ಕಾಯಿಯಾಗಿ ನಿಂತಿತ್ತು. ಗುರುತಿನ ಕಲ್ಲಿಲ್ಲ, ಬಣ್ಣದ ಗೆರೆಯಿಲ್ಲ. ಮುದುಕ ಬಂಡೆಯ ಮೈ ನೋಡಿ ನಡೆಯುತ್ತಿದ್ದನು. ಕಾಲು ಆಡಿದ ಕಡೆ ಕಲ್ಲು ನುಣುಪಾಗಿ, ತುಸು ಬಿಳುಪಾಗಿ ಕಾಣುತ್ತಿತ್ತು. ಒಂದು ದೊಣೆಯ ಬಳಿ ನಿಂತು, “ಇಲ್ಲಿಗಂಟ ಕುರಿ ಬತ್ತಾವೆ. ಮ್ಯಾಕ್ಕೆ ನಮ್ಮ ತಾತನ ಕಾಲದಾಗೆ ಹೋಗ್ತಿದ್ರಂತೆ, ನಾನು ಕಂಡಿಲ್ಲ ಕಣವ್ವ” ಎಂದನು.

ದೊಣೆಯ ಮೇಲಣ ಬಂಡೆಯಲ್ಲಿ ಮೆಟ್ಟಿಲಿನಂತೆ ಕಡಿದ ಗುಳಿಗಳಿದ್ದವು. ಆಕೆ ಎಣಿಸಿದಳು: ಹದಿನೇಳು. ಅವಳ ಮುಖ ಅರಳಿತು. ಅಳೆದಳು, ಚಿತ್ರ ತೆಗೆದಳು. ಹದಿನೇಳರ ಮೇಲೆ ಲಂಟಾನದ ಪೊದೆ ಗೋಡೆಯಂತೆ ನಿಂತಿತ್ತು. ಬಲಕ್ಕೆ ನುಗ್ಗಿದರೆ ಕೊರಕಲು, ಎಡಕ್ಕೆ ಕಾರೆಮುಳ್ಳು. ಎರಡು ಗಂಟೆ ಹೆಣಗಿ ಮೂವರೂ ಮತ್ತೆ ದೊಣೆಯ ಬಳಿಗೇ ಬಂದರು.

ಕೆಳಗಿನ ಬಯಲಿನಲ್ಲಿ ಕಡಲೆಕಾಯಿ ಕೀಳುತ್ತಿದ್ದುದು ಕಾಣುತ್ತಿತ್ತು. 1278ರಲ್ಲಿ ಮಲ್ಲಿಸೆಟ್ಟಿಯು ಅಮರಾಪುರದ ಜಿನಾಲಯಕ್ಕೆ ತಮ್ಮಡಿಹಳ್ಳಿಯ ಎರಡು ಸಾವಿರ ಅಡಕೆಮರಗಳನ್ನು ದತ್ತಿ ಬಿಟ್ಟದ್ದು ಇದೇ ಸೀಮೆಯಲ್ಲಿ. ನಿಯಮಸಾರಕ್ಕೆ ತಾತ್ಪರ್ಯವೃತ್ತಿಯನ್ನು ಬರೆದ ಪದ್ಮಪ್ರಭ ಮಲಧಾರಿದೇವರು 1185ರಲ್ಲಿ ಮುಡಿಪಿದುದನ್ನು ಹೇಳುವ ಪಾಟಶಿವರಂ ಶಾಸನವೂ ಈ ಸುತ್ತಿನದೇ. ಇಷ್ಟು ಒಣಗಿದ ನೆಲದಲ್ಲಿ ಅಷ್ಟು ಅಡಕೆ ಹೇಗೆ ಬೆಳೆಯಿತೆಂಬ ಪ್ರಶ್ನೆಗೆ ಕೆರೆಗಳನ್ನು ಬಿಟ್ಟು ಬೇರೆ ಉತ್ತರ ಹೊಳೆಯದು. ಆ ಕೆರೆಗಳ ಕಥೆಯನ್ನೇ ಯಾರಾದರೂ ಪ್ರತ್ಯೇಕವಾಗಿ ಬರೆಯಬೇಕು.

“ಮೆಟ್ಟಿಲು ಸಿಕ್ಕಿತಲ್ಲ ಸರ್, ಸಾಲದೇ?” ಎಂದಳು ಆಕೆ.

ಅಧ್ಯಾಪಕರು ಗುಳಿಗಳ ಅಂಚನ್ನು ಬೆರಳಿನಿಂದ ಸವರಿದರು. “ಕಡಿದವರು ಯಾರಮ್ಮ? 1285ರಲ್ಲಿ ಹೊಯ್ಸಳ ಮೂರನೆಯ ನರಸಿಂಹ ಈ ಬೆಟ್ಟದ ಮೇಲೆ ದಂಡೆತ್ತಿ ಬಂದ. ಆಮೇಲೆ ಪಾಳೆಯಗಾರರು ಕೋಟೆಯಲ್ಲಿದ್ದರು. ದೊಣೆಯ ನೀರಿಗಾಗಿ ಕುರಿಗಾಹಿಗಳೂ ಕಡಿದಿರಬಹುದು. ಶ್ರಾವಕರೇ ಕಡಿದರೆಂದು ಕಲ್ಲು ಹೇಳುತ್ತಿಲ್ಲ.”

ಆಕೆ ಮರುಮಾತಾಡಲಿಲ್ಲ. ಪ್ರಬಂಧ ಒಪ್ಪಿಸಲು ಉಳಿದಿದ್ದುದು ಒಂದೂವರೆ ತಿಂಗಳು. ನಾಲ್ಕನೆಯ ಅಧ್ಯಾಯ ನಿಂತಿದ್ದುದು ಆ ಒಂದು ವಾಕ್ಯದ ಮೇಲೆ. ಬಿಸಿಲು ಓರೆಯಾಗಿತ್ತು. ಕಲ್ಲಿನ ಮೇಲೆ ಅಕ್ಷರವಿದ್ದರೆ ಕಾಣುವುದು ಇಂಥ ಬೆಳಕಿನಲ್ಲಿಯೇ. ಆಕೆ ಬಂಡೆಯನ್ನು ಮೂರು ಸುತ್ತು ಹುಡುಕಿದಳು. ಒಂದಕ್ಷರವೂ ಇರಲಿಲ್ಲ. ಕರಡಿ ಹೊರಡುವ ಹೊತ್ತಾಯಿತೆಂದು ಮುದುಕ ಅವಸರಪಡಿಸಿದನು.

ಪಾವಗಡದ ಬಸ್ಸಿನಲ್ಲಿ ಆಕೆ ಹಸ್ತಪ್ರತಿಯನ್ನು ಮಡಿಲಲ್ಲಿ ತೆರೆದು, “ಏರುತ್ತಿದ್ದರು” ಎಂಬುದನ್ನು ಪೆನ್ಸಿಲಿನಿಂದ ಹೊಡೆದಳು. ಅಂಚಿನಲ್ಲಿ “ಹದಿನೇಳು ಗುಳಿ, ಕಾಲ ತಿಳಿಯದು” ಎಂದು ಬರೆದಳು. ಮುದುಕ ಕೊಟ್ಟ ಸೀತಾಫಲಗಳು ಚೀಲದಲ್ಲಿದ್ದವು. ಹಣ್ಣಾಗಲು ಇನ್ನೂ ನಾಲ್ಕು ದಿನ ಬೇಕಿತ್ತು.