ಮೊದಲು ಕೇಳಿ, ಆಮೇಲೆ ಬಿಚ್ಚಿ

ನಿಮ್ಮ ಮನೆಯ ಜೀವನ ಹಳೆಯ ಲಾರಿಯೊಂದನ್ನು ನಂಬಿದ್ದರೆ, ಬೆಳಗಿನ ಜಾವದ ಒಂದು ಆತಂಕ ನಿಮಗೆ ಪರಿಚಿತವೇ ಆಗಿರುತ್ತದೆ. ಕೀಲಿ ತಿರುಗಿಸಿದಾಗ ಎಂಜಿನ್ ಎದ್ದರೆ ಅಂದಿನ ಸಂಪಾದನೆ ಉಂಟು, ಏಳದಿದ್ದರೆ ಇಲ್ಲ. ನನ್ನ ತಂದೆಯವರು ಲಾರಿ ಚಾಲಕರಾಗಿದ್ದುದರಿಂದ ಈ ಆತಂಕವನ್ನು ನಾನು ಬಾಲ್ಯದಿಂದಲೇ ಬಲ್ಲೆ. ಗುರುಮಠ ಸೇರಿದ ಮೇಲೂ ಎಂಜಿನ್ನಿನ ಸದ್ದು ಕೇಳಿದರೆ ನನ್ನ ಕಿವಿ ತಾನಾಗಿಯೇ ಆ ಕಡೆ ಹೊರಳುತ್ತದೆ.

ಕೆಲವು ವರ್ಷಗಳ ಹಿಂದೆ ನಾನಿದ್ದ ಊರಿನಲ್ಲಿ ಇಟ್ಟಿಗೆ ಸಾಗಿಸಿ ಬದುಕುತ್ತಿದ್ದ ಕುಟುಂಬವೊಂದಿತ್ತು. ಅವರದು ಹಳೆಯ ಟಾಟಾ 407. 1986ರಲ್ಲಿ ಮಾರುಕಟ್ಟೆಗೆ ಬಂದ ಈ ಮಾದರಿ ನಮ್ಮ ಹಳ್ಳಿ ಪೇಟೆಗಳ ಎಷ್ಟೋ ಮನೆಗಳ ಒಲೆ ಉರಿಸಿದೆ. ಅವರ ಗಾಡಿ ವಾರಕ್ಕೆ ಎರಡು ಮೂರು ದಿನ ಹಟ ಹಿಡಿಯುತ್ತಿತ್ತು. ಮೊದಲು ಬ್ಯಾಟರಿ ಬದಲಾಯಿತು, ಬಳಿಕ ಸೆಲ್ಫ್ ಮೋಟಾರೇ ಬದಲಾಯಿತು. ಸಾಲ ಬೆಳೆಯಿತೇ ಹೊರತು ದೋಷ ಹೋಗಲಿಲ್ಲ. ಗಾಡಿಯನ್ನು ಗುಜರಿಗೆ ಕೊಟ್ಟು, ಮಗನ ಓದು ಬಿಡಿಸಿ ಕೂಲಿಗೆ ಕಳುಹಿಸುವ ಮಾತೂ ಆ ಮನೆಯಲ್ಲಿ ನಡೆದಿತ್ತು.

ಆಗ ಬಂದವರು ಒಬ್ಬ ವಯಸ್ಸಾದ ಮೆಕ್ಯಾನಿಕ್. ಅವರು ಸ್ಪ್ಯಾನರ್ ಮುಟ್ಟಲಿಲ್ಲ. "ಸ್ವಾಮಿ, ಮೊದಲು ಅದು ಏನು ಹೇಳುತ್ತದೋ ಕೇಳೋಣ" ಎಂದರು. ಅಂದು ಅವರು ನನಗೆ ತಿಳಿಸಿಕೊಟ್ಟದ್ದನ್ನು ನಿಮಗೂ ಹೇಳುತ್ತೇನೆ.

'ಕಟ್' ಎಂಬ ಒಂದೇ ಸದ್ದು ಬಂದು ಎಲ್ಲವೂ ನಿಶ್ಶಬ್ದವಾದರೆ ಬ್ಯಾಟರಿ, ತಂತಿ ಅಥವಾ ಸೊಲೆನಾಯ್ಡನ್ನು ಪರೀಕ್ಷಿಸಬೇಕು. ತುಂಬಿದ 12 ವೋಲ್ಟ್ ಬ್ಯಾಟರಿ ಸುಮಾರು 12.6 ತೋರಿಸುತ್ತದೆ, ಸೆಲ್ಫ್ ಹೊಡೆಯುವಾಗ ಅದು 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನು ಶಂಕಿಸಬಹುದು. ಬ್ಯಾಟರಿ ಚೆನ್ನಾಗಿದ್ದೂ ಶಕ್ತಿ ಸಾಲದಿದ್ದರೆ, ಸೆಲ್ಫ್ ಹೊಡೆಯುವಾಗಲೇ ಬ್ಯಾಟರಿಯ ಋಣ ತುದಿಗೂ ಎಂಜಿನ್ನಿನ ಮೈಗೂ ನಡುವೆ ಮೀಟರ್ ಹಿಡಿಯಬೇಕು. ಅಲ್ಲಿ ಅರ್ಧ ವೋಲ್ಟ್ ಕಂಡರೂ ಅರ್ಥ್ ತಂತಿ ತುಕ್ಕು ಹಿಡಿದಿದೆ ಅಥವಾ ಸಡಿಲವಾಗಿದೆ ಎಂದರ್ಥ. ಮೋಟಾರು ಗಿರ್ರನೆ ತಿರುಗಿ ಎಂಜಿನ್ ಕದಲದಿದ್ದರೆ ಬೆಂಡಿಕ್ಸ್ ಜಾರುತ್ತಿರಬಹುದು. 'ಕರಕರ' ಎಂದು ಕಬ್ಬಿಣ ಕಡಿದಂತಾದರೆ ಹಲ್ಲುಗಳು ಸವೆದಿವೆ.

ಆ ಗಾಡಿಯದು ಮೂರನೆಯ ಸದ್ದು. ಆದರೆ ದಿನವೂ ಏಕಿಲ್ಲ? ಉತ್ತರ ಫ್ಲೈವೀಲಿನಲ್ಲಿತ್ತು. ಅದರ ಅಂಚಿನ ರಿಂಗ್ ಗೇರಿನಲ್ಲಿ ನೂರಕ್ಕೂ ಹೆಚ್ಚು ಹಲ್ಲುಗಳಿರುತ್ತವೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಲ್ಲುವಾಗ, ಒತ್ತಿದ ಗಾಳಿಯನ್ನು ದಾಟಲಾರದೆ ಹೆಚ್ಚು ಕಡಿಮೆ ಎದುರುಬದುರಿನ ಎರಡೇ ಜಾಗಗಳಲ್ಲಿ ನಿಲ್ಲುತ್ತದೆ. ಹೀಗಾಗಿ ಸೆಲ್ಫಿನ ಪೆಟ್ಟೆಲ್ಲ ಅವೇ ಕೆಲವು ಹಲ್ಲುಗಳಿಗೆ ಬೀಳುತ್ತದೆ. ಎಂಜಿನ್ ತುಸು ಆಚೆ ಈಚೆ ನಿಂತ ದಿನ ಗಾಡಿ ಸರಾಗವಾಗಿ ಏಳುತ್ತದೆ.

ಅವರು ಬ್ಯಾಟರಿಯ ತಂತಿ ಕಳಚಿ, ಗೇರನ್ನು ನ್ಯೂಟ್ರಲ್ಲಿನಲ್ಲಿಟ್ಟು, ಮುಂದಿನ ಪುಲ್ಲಿಯ ನಟ್ಟನ್ನು ಸ್ಪ್ಯಾನರಿನಿಂದ ಸ್ವಲ್ಪ ತಿರುಗಿಸಿದರು. ತಂತಿ ಮತ್ತೆ ಕೂಡಿಸಿ ಕೀಲಿ ತಿರುಗಿಸಿದೊಡನೆ ಎಂಜಿನ್ ಎದ್ದಿತು! ಬಳಿಕ ಎಂಜಿನ್ ನಿಲ್ಲಿಸಿ, ಸೆಲ್ಫ್ ಇಳಿಸಿ, ಆ ಕಿಂಡಿಯೊಳಗೆ ಟಾರ್ಚ್ ಬಿಟ್ಟು ಫ್ಲೈವೀಲನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ತೋರಿಸಿದರು. ಎದುರುಬದುರಿನ ಎರಡು ಕಡೆ ಹಲ್ಲುಗಳು ಮೊಂಡಾಗಿದ್ದವು. ಹೊಸ ಸೆಲ್ಫಿನ ಪಿನಿಯನ್ನನ್ನೂ ಅವು ಆಗಲೇ ತಿಂದುಹಾಕಿದ್ದವು. ಗೇರ್‌ಬಾಕ್ಸ್ ಇಳಿಸುವ ಖರ್ಚಿನ ಕೆಲಸಕ್ಕೆ ಕೈ ಹಾಕಿದ್ದು ಇಷ್ಟು ಖಚಿತವಾದ ಮೇಲೆಯೇ.

ಹಳೆಯ ಉಂಗುರವನ್ನು ಉಳಿಯಿಂದ ಸೀಳಿ ತೆಗೆದರು. ಹೊಸದನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್‌ನವರೆಗೆ ಎಲ್ಲ ಕಡೆ ಸಮನಾಗಿ ಕಾಯಿಸಿದರು. ಕಾದು ಹಿಗ್ಗಿದ ಉಂಗುರವನ್ನು ತಣ್ಣಗಿದ್ದ ಫ್ಲೈವೀಲಿಗೆ ಕೂರಿಸಿದರು. ಆರಿದಂತೆ ಅದು ಬಿಗಿಯಾಗಿ ಅಪ್ಪಿಕೊಂಡಿತು. ಕೆಂಪಗೆ ಕಾಯಿಸಿದರೆ ಹಲ್ಲುಗಳ ಹದ ಕೆಟ್ಟು ಬೇಗ ಸವೆಯುತ್ತವೆಂದು ಎಚ್ಚರಿಸಿದರು. ಪಿನಿಯನ್ ಕೂಡ ಬದಲಾಯಿತು. ಗಾಡಿ ಉಳಿಯಿತು, ಹುಡುಗನ ಓದೂ ಮುಂದುವರಿಯಿತು.

ಆ ಕುಟುಂಬದ ಹಣವನ್ನು ತಿಂದದ್ದು ಸವೆದ ಹಲ್ಲುಗಳಿಗಿಂತ ಹೆಚ್ಚಾಗಿ ಅವಸರದ ತೀರ್ಪು. ಕಣ್ಣಿಗೆ ಕಂಡ ಸೆಲ್ಫ್ ಅಪರಾಧಿಯಾಯಿತು. ಒಳಗೆ ಮರೆಯಲ್ಲಿದ್ದ ಉಂಗುರದ ನೋವನ್ನು ಯಾರೂ ಕೇಳಲಿಲ್ಲ. ಮನೆಯೊಳಗೂ ನಾವು ಹೀಗೆ ಎಷ್ಟೋ ಸಲ ಎದುರಿಗೆ ಸಿಕ್ಕವರ ಮೇಲೆ ತಪ್ಪು ಹೊರಿಸುತ್ತೇವಲ್ಲವೇ? ಮುಂದಿನ ಸಲ ನಿಮ್ಮ ಗಾಡಿ ಏಳದಿದ್ದಾಗ, ಹೊಸ ಬಿಡಿಭಾಗ ಕೊಳ್ಳುವ ಮುನ್ನ ಒಂದು ಗಳಿಗೆ ನಿಂತು ಆ ಸದ್ದು ಯಾವುದೆಂದು ಕೇಳಿಸಿಕೊಳ್ಳಿ.