ಹೊಳೆ ಹೇಳುವ ಸಾಕ್ಷಿ

ಗೋಕಾಕ ಜಲಪಾತದ ದಾರಿಯಲ್ಲಿ ಮೊದಲು ಸಿಗುವುದು ಸದ್ದು, ನೀರು ಆಮೇಲೆ. ಆಗಸ್ಟ್ ತಿಂಗಳು, ಮಳೆ ಬಿಡುವು ಕೊಟ್ಟಿರಲಿಲ್ಲ. ಬಂಡೆಯ ಅಂಚಿಗೆ ಬಂದಾಗ ಎದೆಗೂಡಿನೊಳಗೇ ಯಾರೋ ನಗಾರಿ ಬಾರಿಸಿದಂತಾಯಿತು. ಕುದುರೆಲಾಳದ ಹಾಗೆ ಬಾಗಿದ ಬಂಡೆಯಿಂದ ಘಟಪ್ರಭೆ ಸುಮಾರು 52 ಮೀಟರ್ ಆಳಕ್ಕೆ ಬೀಳುತ್ತಿತ್ತು. ಬೆಳ್ಳಗಿನ ಹಾಲಿನ ಧಾರೆಯೇನಲ್ಲ, ಕುದಿದು ಉಕ್ಕಿದ ಚಹಾದ ಬಣ್ಣ. ತುಂತುರು ಮೇಲೆದ್ದು ಬಂದು ನನ್ನ ಕನ್ನಡಕವನ್ನು ಕುರುಡಾಗಿಸಿತು.

ಜೊತೆಗಿದ್ದವರು ಗೆಳೆಯನ ತಂದೆ. ಗಿರಣಿಯಲ್ಲಿ ದುಡಿದು ನಿವೃತ್ತರಾದವರು, ಭಾನುವಾರದ ಆರಾಧನೆ ತಪ್ಪಿಸದವರು, ನಮಗೆಲ್ಲ ಕಾಕಾ. "ಕಾಕಾ, ಇದನ್ನ ನೋಡಿದ ಮ್ಯಾಲೂ ದೇವರಿಲ್ಲ ಅನ್ನೋರು ಇರ್ತಾರೇನ್ರಿ?" ಎಂದು ಕೂಗಿ ಕೇಳಿದೆ. ಮೆಲ್ಲಗೆ ಕೇಳಿದರೆ ಅಲ್ಲಿ ಕೇಳಿಸುವುದಿಲ್ಲ.

"ಇರ್ತಾರಪಾ," ಎಂದು ನಕ್ಕರು. "2019ರಾಗ ಇದ ಹೊಳಿ ಊರೊಳಗ ಹೊಕ್ಕಾಗ ನಾನೂ ಎರಡು ದಿನ ಅವರ ಪೈಕಿನ ಇದ್ದೆ."

ನನ್ನ ಬೆರಗು ಅರ್ಧ ಇಳಿಯಿತು. ಬೈಬಲ್ಲಿನಲ್ಲಿ ಜಲಪಾತದ ಭೋರ್ಗರೆತ ಬರುವ 42ನೆಯ ಕೀರ್ತನೆ ನೆನಪಾಯಿತು. ಅದನ್ನು ಹಾಡಿದವನು ನಮ್ಮ ಹಾಗೆ ಫೋಟೊ ತೆಗೆಯಲು ಬಂದವನಲ್ಲ. ಅಲೆಗಳೆಲ್ಲ ತನ್ನ ತಲೆಯ ಮೇಲೆ ಹಾದುಹೋದವೆಂದು ಅಳುವವನು. ಆದರೂ ಆ ಅಲೆಗಳನ್ನು ಅವನು ದೇವರವು ಎಂದೇ ಕರೆಯುತ್ತಾನೆ. ಇದೆಂಥ ನಂಟು!

ಕಾಲ ಕೆಳಗಿನ ಕಲ್ಲನ್ನು ನೋಡಲು ಕಾಕಾ ಹೇಳಿದರು. ಇಲ್ಲಿಯದು ಕಲಾದಗಿ ಶಿಲಾಸ್ತೋಮದ ಮರಳುಗಲ್ಲು. ಈ ಜಾತಿಯ ಕಲ್ಲಿನಲ್ಲಿ ಸಣ್ಣ ಸಣ್ಣ ಮಡಿಕೆಗಳು ಕಾಣಸಿಗುತ್ತವೆ, ತೆಳ್ಳನೆಯ ನೀರು ಮರಳಿನ ಮೇಲೆ ಹಾದಾಗ ಮೂಡುವಂಥವು. ಮೀನು, ಮರ, ಹಕ್ಕಿ ಒಂದೂ ಇಲ್ಲದ ಕಾಲದ ಯಾವುದೋ ಅಲೆ ಹೀಗೆ ಕಲ್ಲಾಗಿ ನಿಂತಿದೆ. ನೋಡುವ ಕಣ್ಣೇ ಇಲ್ಲದಾಗ ಇಷ್ಟು ಚೆಂದದ ಗೆರೆ ಯಾರಿಗಾಗಿ? ಬಗ್ಗಿ ಬೆರಳಾಡಿಸಿದೆ. ಭೋರ್ಗರೆತ ಮಾಡದ ಕೆಲಸವನ್ನು ಆ ಗೆರೆ ಮಾಡಿತು.

ಮರುದಿನ ಹೊಳೆಯ ಮೇಲ್ದಿಕ್ಕಿಗೆ ಹೋದೆವು. ಧೂಪದಾಳದ ಹಿನ್ನೀರು ಪಕ್ಷಿಧಾಮ. ಮಧ್ಯ ಏಷ್ಯಾ ಕಡೆಯಿಂದ ಕ್ರೌಂಚಗಳು ಇಳಿಯುವುದು ಚಳಿಗಾಲಕ್ಕೆ. ತಪ್ಪಿದ ಋತುವಿನಲ್ಲಿ ಹೋದ ನಮಗೆ ಬೆಳ್ಳಕ್ಕಿಗಳೇ ಗತಿ. ಅಲ್ಲಿಂದ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟು. ಹುಕ್ಕೇರಿ ಎಂದರೆ ಹೂವಿನ ಕೇರಿ ಎನ್ನುತ್ತಾರೆ. ಬಿತ್ತದ, ಕೊಯ್ಯದ ಹಕ್ಕಿಗಳನ್ನೂ ನೂಲದ ಹೂಗಳನ್ನೂ ನೋಡಿರೆಂದು ಯೇಸು ಹೇಳಿದ ಮಾತಿಗೆ ಒಂದೇ ಹೊಳೆಯ ದಂಡೆಯಲ್ಲಿ ಎರಡೂ ಸಿಕ್ಕಂತಾಯಿತು. "ನೂಲೋ ಕೆಲಸ ಮಾತ್ರ ನನ್ನ ಪಾಲಿಗಿತ್ತು" ಎಂದು ಕಾಕಾ ನಕ್ಕರು. ಅವರು ದುಡಿದದ್ದು 1885ರಲ್ಲಿ ಹುಟ್ಟಿದ ಕಂಪನಿಯ ಗಿರಣಿಯಲ್ಲಿ; ಜಲಪಾತದಲ್ಲಿ ಬೀಳುವ ನೀರಿನ ಬಲದಿಂದಲೇ ಅದು ನೂಲು ತೆಗೆದಿತ್ತು.

ಮೂಡಲಗಿ ಕಡೆಗೆ ತಿರುಗಿದ್ದು ಸಂಜೆ. ಅಲ್ಲಿ ನೋಡಲು ಏನಿದೆ ಎಂದು ಕೇಳಿದ್ದೆ. ಕಬ್ಬು, ಗೋವಿನಜೋಳ, ಅರಿಸಿನ. ಆದರೆ ಬೈಬಲ್ಲಿನಲ್ಲಿ, ಲುಸ್ತ್ರ ಎಂಬ ಊರಲ್ಲಿ ಯೇಸುವಿನ ಅಪೊಸ್ತಲ ಪೌಲ ಜನರೆದುರು ನಿಂತಾಗ ಹೆಸರಿಸಿದ್ದು ಇಂಥದ್ದನ್ನೇ: ಆಕಾಶದ ಮಳೆ, ಸುಗ್ಗಿಯ ಕಾಲ, ಹೊಟ್ಟೆಗೆ ಅನ್ನ. ಇವುಗಳಿಂದ ದೇವರು ತನಗೆ ಸಾಕ್ಷಿಯಿಲ್ಲದೆ ಇರಲಿಲ್ಲವೆಂಬುದು ಅವನ ವಾದ. ಪುರಾವೆ ಎನ್ನಲಿಲ್ಲ, ಗಮನಿಸಿ. ಪುರಾವೆ ಬಾಯಿ ಮುಚ್ಚಿಸುತ್ತದೆ. ಸಾಕ್ಷಿಯ ಮಾತನ್ನು ಒಪ್ಪಬಹುದು, ಬಿಡಬಹುದು, ಎರಡು ದಿನ ಬಿಟ್ಟು ಕಾಕಾನಂತೆ ಮರಳಿ ಒಪ್ಪಲೂಬಹುದು.

"ಆ ಎರಡು ದಿನ ಆದ ಮ್ಯಾಲೆ ಏನಾತ್ರಿ?" ಎಂದೆ.

"ನೀರು ಇಳೀತು. ಮನಿ ತುಂಬ ಕೆಸರು. ಬಾಜೂ ಮನಿಯವ್ರು ರೊಟ್ಟಿ ತಂದ್ರು."

ಹೊಲದಲ್ಲಿ ಒಬ್ಬರು ಸಲಿಕೆಯಿಂದ ಕಾಲುವೆಯ ಬಾಯಿ ತೆರೆಯುತ್ತಿದ್ದರು. ಸದ್ದಿಲ್ಲದೆ ನೀರು ಒಂದು ಸಾಲು ತುಂಬಿತು, ತುದಿ ಮುಟ್ಟಿ ಪಕ್ಕದ ಸಾಲಿಗೆ ಹೊರಳಿತು. ಕಾಕಾ ಚಪ್ಪಲಿ ಕಳಚಿ ಆ ನೀರಿನಲ್ಲಿ ಕಾಲಿಟ್ಟು ನಿಂತರು. ಅವರ ಪಾದದ ಸುತ್ತ ಮರಳು ಸಣ್ಣಗೆ ಮಡಿಕೆ ಕಟ್ಟುತ್ತಿತ್ತು.